ಅಂಗರಚನೆಯ ಲೇಖನಕ್ಕೆ ಚಿತ್ರ ಆರಿಸುವಾಗ ನೋಡಬೇಕಾದ್ದು

ಕನ್ನಡ ವಿಕಿಪೀಡಿಯದಲ್ಲಿ ಹೃದಯದ ಬಗ್ಗೆಯೋ ಮಂಡಿಕೀಲಿನ ಬಗ್ಗೆಯೋ ಲೇಖನ ಬರೆದಾದ ಮೇಲೆ ಹೆಚ್ಚಿನವರು ಇಂಗ್ಲಿಷ್ ಪುಟದ ಚಿತ್ರಗಳನ್ನೇ ಸಾಲಾಗಿ ತಂದು ಹಾಕಿಬಿಡುತ್ತಾರೆ. ಪಠ್ಯದಲ್ಲಿ ‘ಬಲ ಹೃತ್ಕರ್ಣ’ ಎಂದಿರುತ್ತದೆ. ಪಕ್ಕದ ಚಿತ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದ ಇಂಗ್ಲಿಷ್ ಹೆಸರುಗಳು. ಆ ಪುಟಕ್ಕೆ ಬರುವವರು ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳು, ನರ್ಸಿಂಗ್ ವಿದ್ಯಾರ್ಥಿಗಳು, ಸ್ಕ್ಯಾನಿಂಗ್ ರಿಪೋರ್ಟ್ ಕೈಯಲ್ಲಿ ಹಿಡಿದು ಗುಲ್ಮ (ಸ್ಪ್ಲೀನ್) ಎಲ್ಲಿರುತ್ತದೆ ಎಂದು ಹುಡುಕುವ ಮನೆಯವರು. ಅವರಲ್ಲಿ ಬಹುಪಾಲು ಜನ ನೋಡುವುದು ಮೊಬೈಲಿನಲ್ಲಿ. ಚಿತ್ರದ ಆಯ್ಕೆ ಅವರ ಕಣ್ಣಿಗೆ ತಕ್ಕಂತೆ ಇರಬೇಕು.

ಮೊದಲು ಪ್ಯಾರಾ, ಆಮೇಲೆ ಚಿತ್ರ

ಚಿತ್ರ ಹುಡುಕುವ ಮುಂಚೆ ಲೇಖನದ ಪ್ರತಿ ಭಾಗವೂ ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದೆ ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಅಂಗ ಎಲ್ಲಿದೆ, ಆಕಾರ ಹೇಗಿದೆ, ಒಳಗೆ ಏನೇನಿದೆ, ಅಕ್ಕಪಕ್ಕದಲ್ಲಿ ಯಾರಿದ್ದಾರೆ, ಕೆಲಸ ಹೇಗೆ ನಡೆಯುತ್ತದೆ: ಸಾಮಾನ್ಯವಾಗಿ ಇಷ್ಟೇ ಪ್ರಶ್ನೆಗಳು. ಒಂದೊಂದಕ್ಕೂ ಬೇರೆ ಬಗೆಯ ಚಿತ್ರ ಬೇಕು.

ಮೇದೋಜೀರಕಾಂಗವನ್ನೇ (ಪ್ಯಾಂಕ್ರಿಯಾಸ್) ತೆಗೆದುಕೊಳ್ಳಿ. ಲೇಖನದ ತಲೆಯಲ್ಲಿ ಬೇಕಾದದ್ದು ಮುಂಡದ ಬಾಹ್ಯರೇಖೆ. ಅದರೊಳಗೆ ಜಠರ ಮಸುಕಾಗಿ, ಅದರ ಹಿಂದೆ ಮೇದೋಜೀರಕಾಂಗ ಗಾಢ ಬಣ್ಣದಲ್ಲಿ. ಅಂಗ ಎಲ್ಲಿದೆ ಎಂಬುದು ಒಂದೇ ನೋಟಕ್ಕೆ ತಿಳಿಯಬೇಕು. ರಚನೆಯ ಭಾಗಕ್ಕೆ ಬಂದಾಗ ತಲೆ, ಒಡಲು, ಬಾಲ ಮತ್ತು ಸಣ್ಣಕರುಳಿನ ಮೊದಲ ಭಾಗಕ್ಕೆ ಬಂದು ಸೇರುವ ನಾಳ ಕಾಣುವ ಹತ್ತಿರದ ಚಿತ್ರ. ಇನ್ಸುಲಿನ್ ಬಗ್ಗೆ ಹೇಳುವ ಕಡೆ ಸೂಕ್ಷ್ಮದರ್ಶಕದ ಚಿತ್ರ, ಲ್ಯಾಂಗರ್‌ಹ್ಯಾನ್ಸ್ ಕಿರುದ್ವೀಪಗಳು ಸುತ್ತಲಿನ ಜೀವಕೋಶಗಳಿಗಿಂತ ತಿಳಿಯಾಗಿ ಕಾಣುವಂಥದ್ದು. ಈ ಮೂರನ್ನೂ ಒಂದೇ ಚಿತ್ರದಲ್ಲಿ ತುರುಕಿದ ಪೋಸ್ಟರುಗಳು ಬೇಕಾದಷ್ಟು ಸಿಗುತ್ತವೆ. ಗೋಡೆಗೆ ಅಂಟಿಸಲು ಅವು ಚೆನ್ನ, ಲೇಖನಕ್ಕೆ ಬೇಡ.

ನಾನೂರು ಪದದ ಲೇಖನಕ್ಕೆ ಎರಡು ಚಿತ್ರ ಸಾಕು. ಸಾವಿರ ಪದ ದಾಟಿದರೆ ನಾಲ್ಕೋ ಐದೋ ಇರಲಿ. ಮೊಬೈಲಿನಲ್ಲಿ ಚಿತ್ರಗಳು ಪಕ್ಕಕ್ಕೆ ನಿಲ್ಲುವುದಿಲ್ಲ, ಒಂದರ ಕೆಳಗೊಂದು ಪೇರಿಸಿಕೊಳ್ಳುತ್ತವೆ. ಹೆಚ್ಚಾದರೆ ಓದುಗ ಪಠ್ಯ ಸಿಗುವ ತನಕ ಸರಿಸುತ್ತಲೇ ಇರಬೇಕಾಗುತ್ತದೆ. ಗ್ಯಾಲರಿ ಬೇಕಾಗುವುದು ಹೋಲಿಸಿ ತೋರಿಸಬೇಕಾದ ಕಡೆ ಮಾತ್ರ, ಗಂಡಿನ ಶ್ರೋಣಿ (ಪೆಲ್ವಿಸ್) ಮತ್ತು ಹೆಣ್ಣಿನ ಶ್ರೋಣಿಯ ಹಾಗೆ.

ಎಲ್ಲಿಂದ ತರುವುದು

ವಿಕಿಪೀಡಿಯ ಬಳಸುವ ಮುಕ್ತ ಚಿತ್ರಭಂಡಾರ ವಿಕಿಮೀಡಿಯ ಕಾಮನ್ಸ್ 2004ರಿಂದ ಇದೆ. ಅಂಗರಚನೆಯ ಚಿತ್ರಗಳು ಅಲ್ಲಿ ರಾಶಿಯಾಗಿವೆ. ಎಲ್ಲವೂ ಒಂದೇ ದರ್ಜೆಯವಲ್ಲ. ಒಳ್ಳೆಯ ಗುಂಪುಗಳನ್ನು ಗುರುತಿಟ್ಟುಕೊಂಡರೆ ಹುಡುಕಾಟ ಅರ್ಧ ಮುಗಿದಂತೆ.

ಇಂಗ್ಲೆಂಡಿನ ವೈದ್ಯ ಹೆನ್ರಿ ಗ್ರೇ ಅವರ ಅಂಗರಚನಾ ಗ್ರಂಥದ 1918ರ ಅಮೆರಿಕನ್ ಆವೃತ್ತಿಯ 1,247 ಚಿತ್ರಗಳು ಹಕ್ಕುಸ್ವಾಮ್ಯ ಕಳೆದುಕೊಂಡಿವೆ. ಕಾಮನ್ಸ್‌ನಲ್ಲಿ ‘ಗ್ರೇ’ ಎಂಬ ಹೆಸರಿನ ಮುಂದೆ ಚಿತ್ರಸಂಖ್ಯೆ ಸೇರಿಸಿ ಅವನ್ನು ಇಟ್ಟಿದ್ದಾರೆ. 1858ರ ಮೊದಲ ಆವೃತ್ತಿಗೆ ಚಿತ್ರ ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಅದೇ ವರ್ಷ ಮುಂಬಯಿಗೆ ಬಂದು ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದವರು. ಮೂಳೆ, ಸ್ನಾಯು, ನರಗಳ ದಾರಿ ತೋರಿಸಲು ಈ ಚಿತ್ರಗಳಿಗೆ ಇಂದಿಗೂ ಸಾಟಿ ಕಡಿಮೆ. ಆದರೆ ಹೆಸರುಗಳು ಹಳೆಯವು. ಕೈಯ ‘ಟ್ರಪೀಜಿಯಂ’ ಮೂಳೆಯನ್ನು ಅಲ್ಲಿ ‘ಗ್ರೇಟರ್ ಮಲ್ಟ್ಯಾಂಗ್ಯುಲರ್’ ಎಂದಿದ್ದಾರೆ, ಒಳ ಇಲಿಯಾಕ್ ಅಪಧಮನಿಯನ್ನು ‘ಹೈಪೊಗ್ಯಾಸ್ಟ್ರಿಕ್’ ಎಂದಿದ್ದಾರೆ. ಈಗ ಎಲ್ಲರೂ ಒಪ್ಪಿರುವ ಪಟ್ಟಿ 1998ರ ‘ಟರ್ಮಿನಾಲಜಿಯ ಅನಾಟಮಿಕ’ ಮತ್ತು ಅದರ 2019ರ ಎರಡನೇ ಆವೃತ್ತಿ. ಗ್ರೇ ಚಿತ್ರ ಬಳಸುವಾಗ ಪ್ರತಿ ಹೆಸರನ್ನೂ ಅದರೊಂದಿಗೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಚಿತ್ರದ ಅಡಿಬರಹದಲ್ಲೇ ಹೇಳಿಬಿಡಿ.

ಶಾಲಾ ಮಟ್ಟದ ವಿವರಣೆಗೆ ಮುಕ್ತ ಪಠ್ಯಪುಸ್ತಕಗಳ ಪ್ರಕಾಶಕ ಓಪನ್‌ಸ್ಟ್ಯಾಕ್ಸ್‌ನ ಅಂಗರಚನೆ ಮತ್ತು ಶರೀರಕ್ರಿಯೆ ಪುಸ್ತಕದ ಚಿತ್ರಗಳು ಚೆನ್ನಾಗಿ ಹೊಂದುತ್ತವೆ. ಅಂಗದ ಜಾಗ ತೋರಿಸಲು ಜಪಾನಿನ ‘ಬಾಡಿಪಾರ್ಟ್ಸ್ ತ್ರೀಡಿ’ ಮಾದರಿಗಳು: ಅಸ್ಥಿಪಂಜರದೊಳಗೆ ಒಂದೇ ಮೂಳೆ ಕೆಂಪಾಗಿ ತಿರುಗುವ ಚಿತ್ರಗಳು ನೀವು ನೋಡಿರಬಹುದು. ತಿರುಗುವ ಚಿತ್ರ ಪುಟಕ್ಕೆ ಒಂದು ಸಾಕು, ಎರಡಾದರೆ ಓದು ಕೆಡುತ್ತದೆ. ದೇಹದ ಅಡ್ಡಸೀಳು ಬೇಕಿದ್ದರೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ‘ವಿಸಿಬಲ್ ಹ್ಯೂಮನ್’ ಯೋಜನೆ ಇದೆ. ಗಂಡಿನ ದೇಹ 1994ರಲ್ಲಿ 1 ಮಿಲಿಮೀಟರ್ ಅಂತರದ ಸೀಳುಗಳಲ್ಲಿ, ಹೆಣ್ಣಿನ ದೇಹ 1995ರಲ್ಲಿ 0.33 ಮಿಲಿಮೀಟರ್ ಅಂತರದಲ್ಲಿ ಬಂತು. 2019ರಿಂದ ಅದನ್ನು ಬಳಸಲು ಮುಂಗಡ ಒಪ್ಪಂದ ಬೇಕಿಲ್ಲ.

ಪರವಾನಗಿಯಲ್ಲಿ ಎಡವುವುದು ಹೀಗೆ. ‘ಉಚಿತ ಡೌನ್‌ಲೋಡ್’ ಎಂದು ಬರೆದಿದ್ದರೆ ಮುಕ್ತ ಪರವಾನಗಿ ಎಂದುಕೊಳ್ಳುತ್ತಾರೆ. ಎರಡೂ ಒಂದಲ್ಲ. ಕ್ರಿಯೇಟಿವ್ ಕಾಮನ್ಸ್ ಹೆಸರಿನ ಕೊನೆಯಲ್ಲಿ ‘ಎನ್‌ಸಿ’ ಅಂದರೆ ವಾಣಿಜ್ಯ ಬಳಕೆ ಇಲ್ಲ, ‘ಎನ್‌ಡಿ’ ಅಂದರೆ ಮಾರ್ಪಾಡು ಇಲ್ಲ. ಇವೆರಡರಲ್ಲಿ ಒಂದಿದ್ದರೂ ಕಾಮನ್ಸ್ ಒಪ್ಪುವುದಿಲ್ಲ. ಎಕ್ಸ್‌ರೇ, ಸಿಟಿ ಹುಡುಕುವವರಿಗೆ ಮೊದಲು ಸಿಗುವ ರೇಡಿಯೋಪೀಡಿಯದ ಚಿತ್ರಗಳು ‘ಎನ್‌ಸಿ’ ಇರುವಂಥವು, ಹಾಗಾಗಿ ತರುವಂತಿಲ್ಲ. ಅಮೆರಿಕದ ಹೆಸರಾಂತ ವೈದ್ಯಕೀಯ ಚಿತ್ರಕಾರ ಫ್ರ್ಯಾಂಕ್ ನೆಟ್ಟರ್ 1991ರಲ್ಲಿ ತೀರಿಕೊಂಡವರು, ಅವರ ಚಿತ್ರಗಳಿಗೆ ಇನ್ನೂ ಹಕ್ಕುದಾರರಿದ್ದಾರೆ. ಎನ್‌ಸಿಇಆರ್‌ಟಿ ಪುಸ್ತಕ ಜಾಲತಾಣದಲ್ಲಿ ಹಾಗೇ ಸಿಗುತ್ತದೆ, ಹಕ್ಕು ಮಾತ್ರ ಕಾದಿರಿಸಿದೆ. ಭಾರತದಲ್ಲಿ ಸರ್ಕಾರದ ಪ್ರಕಟಣೆಗಳಿಗೂ ಪ್ರಕಟವಾದ ಮೇಲೆ 60 ವರ್ಷ ಹಕ್ಕುಸ್ವಾಮ್ಯವಿದೆ. ಅಮೆರಿಕದ ಕೇಂದ್ರ ಸರ್ಕಾರದ ಸಂಸ್ಥೆಗಳು ತಾವೇ ತಯಾರಿಸಿದ ಚಿತ್ರಗಳಿಗೆ ಅದು ಇಲ್ಲ. ಪುಸ್ತಕದ ಚಿತ್ರದ ಮೇಲೆ ತೆಳು ಕಾಗದ ಇಟ್ಟು ನಕಲು ತೆಗೆದರೆ ಅದು ಮೂಲದ ನಕಲೇ. ನಾಲ್ಕಾರು ಆಕರಗಳನ್ನು ನೋಡಿ ಅರ್ಥಮಾಡಿಕೊಂಡು, ನಿಮ್ಮದೇ ಕೋನದಲ್ಲಿ, ನಿಮ್ಮದೇ ಗೆರೆಯಲ್ಲಿ ಬರೆದರೆ ಮಾತ್ರ ನಿಮ್ಮದು. ಮೂತ್ರಪಿಂಡದ ಆಕಾರಕ್ಕೆ ಯಾರ ಹಕ್ಕೂ ಇಲ್ಲ, ಅದನ್ನು ಒಬ್ಬರು ಬರೆದ ರೀತಿಗೆ ಇದೆ.

ಎಡಬಲ ತಿರುಗಿದೆಯೇ ನೋಡಿ

ಅಂಗರಚನೆಯ ಚಿತ್ರಗಳಲ್ಲಿ ಅತಿ ದೊಡ್ಡ ತಪ್ಪು, ನೋಡಿದ ಕೂಡಲೇ ತಿಳಿಯದ ತಪ್ಪು, ಕನ್ನಡಿಯಲ್ಲಿ ಕಂಡಂತೆ ತಿರುಗಿದ ಚಿತ್ರ. ಹಳೆಯ ಸ್ಲೈಡನ್ನು ತಿರುವುಮುರುವಾಗಿ ಸ್ಕ್ಯಾನ್ ಮಾಡಿದಾಗ, ಸೆಲ್ಫಿ ಕ್ಯಾಮೆರಾದಲ್ಲಿ ಕೈ ತೆಗೆದಾಗ, ಪುಟದಲ್ಲಿ ಚೆಂದ ಕಾಣಲೆಂದು ವಿನ್ಯಾಸಕಾರರು ಮಗುಚಿದಾಗ ಹೀಗಾಗುತ್ತದೆ. ಚಿತ್ರದಲ್ಲಿ ‘ಬಲ’ ಎಂದರೆ ಯಾವಾಗಲೂ ಆ ದೇಹದ ಬಲ, ನೋಡುವವರ ಬಲವಲ್ಲ. ದೇಹ ನೆಟ್ಟಗೆ ನಿಂತಿದೆ, ಅಂಗೈ ಮುಂದಕ್ಕಿದೆ ಎಂದು ಇಟ್ಟುಕೊಂಡು ಪರೀಕ್ಷಿಸಿ.

ಮುಂದಿನಿಂದ ಕಂಡ ಚಿತ್ರದಲ್ಲಿ ಹೃದಯದ ತುದಿ ನಿಮ್ಮ ಬಲಗೈ ಕಡೆಗೆ ವಾಲಿರಬೇಕು. ಯಕೃತ್ತಿನ ದೊಡ್ಡ ಭಾಗ ನಿಮ್ಮ ಎಡಕ್ಕೆ, ಜಠರ ಮತ್ತು ಗುಲ್ಮ ನಿಮ್ಮ ಬಲಕ್ಕೆ. ಮೂರು ಹಾಲೆಯ (ಲೋಬ್) ಶ್ವಾಸಕೋಶ ನಿಮ್ಮ ಎಡಕ್ಕೆ, ಎರಡು ಹಾಲೆಯದು ಬಲಕ್ಕೆ. ಅಪೆಂಡಿಕ್ಸ್ ನಿಮ್ಮ ಎಡಗಡೆಯ ಕೆಳಮೂಲೆಯಲ್ಲಿ. ಶ್ವಾಸನಾಳ ಕವಲೊಡೆಯುವಲ್ಲಿ ಬಲಗವಲು ಗಿಡ್ಡ, ಅಗಲ, ಹೆಚ್ಚು ನೆಟ್ಟಗೆ. ಅದು ನಿಮ್ಮ ಎಡಕ್ಕೆ ಕಾಣಬೇಕು. ಮೂತ್ರಪಿಂಡಗಳಲ್ಲಿ ಬಲದ್ದು ಸಾಮಾನ್ಯವಾಗಿ ಸ್ವಲ್ಪ ಕೆಳಗಿರುತ್ತದೆ. ಬೆನ್ನಿನ ಕಡೆಯಿಂದ ಕಂಡ ಚಿತ್ರವಾದರೆ ಇವೆಲ್ಲ ಅದಲುಬದಲು. ಮೂತ್ರಪಿಂಡದ ಚಿತ್ರಗಳು ಎಷ್ಟೋ ಬಾರಿ ಹಿಂದಿನ ನೋಟದವೇ ಆಗಿರುವುದರಿಂದ ತಪ್ಪೆಂದು ತೀರ್ಮಾನಿಸುವ ಮೊದಲು ಬೆನ್ನುಮೂಳೆ ಮುಂದಿದೆಯೋ ಹಿಂದಿದೆಯೋ ನೋಡಿ.

ಕೈಕಾಲುಗಳಿಗೆ ಬೇರೆ ಗುರುತು. ಬಲಗೈ ಅಂಗೈ ಕಾಣುವಂತಿದ್ದು ಬೆರಳು ಮೇಲಕ್ಕೋ ಕೆಳಕ್ಕೋ ಎಂಬುದರ ಮೇಲೆ ಹೆಬ್ಬೆರಳಿನ ದಿಕ್ಕು ಬದಲಾಗುತ್ತದೆ. ಇಳಿಬಿಟ್ಟ ಬಲಗೈಯಲ್ಲಿ ಹೆಬ್ಬೆರಳು ನಿಮ್ಮ ಎಡಕ್ಕೆ. ಎತ್ತಿ ಹಿಡಿದ ಬಲಗೈಯಲ್ಲಿ ನಿಮ್ಮ ಬಲಕ್ಕೆ. ನಿಮ್ಮ ಕೈಯನ್ನೇ ಅದೇ ಭಂಗಿಯಲ್ಲಿ ಪರದೆಯ ಪಕ್ಕ ಹಿಡಿದರೆ ಗೊಂದಲವಿಲ್ಲ. ಮುಂದಿನಿಂದ ಕಂಡ ಬಲಗಾಲಿನಲ್ಲಿ ತೆಳ್ಳನೆಯ ಮೂಳೆ, ಅಂದರೆ ಫಿಬುಲ, ನಿಮ್ಮ ಎಡಕ್ಕಿರಬೇಕು.

ಸಿಟಿ ಮತ್ತು ಎಂಆರ್‌ಐ ಅಡ್ಡಸೀಳುಗಳನ್ನು ಮಲಗಿದವರ ಪಾದದ ಕಡೆಯಿಂದ ನೋಡಿದಂತೆ ತೋರಿಸುವುದು ವಾಡಿಕೆ. ಬೆನ್ನುಮೂಳೆ ಕೆಳಗೆ, ಯಕೃತ್ತು ಎಡಕ್ಕೆ, ಗುಲ್ಮ ಬಲಕ್ಕೆ. ಹಳೆಯ ಅಂಗರಚನಾ ಪುಸ್ತಕಗಳ ಅಡ್ಡಸೀಳು ಕೆಲವು ಕಡೆ ಮೇಲಿನಿಂದ ನೋಡಿದಂತೆ ಇರುತ್ತದೆ. ಎರಡನ್ನೂ ಒಂದೇ ಲೇಖನದಲ್ಲಿ ಹಾಕಿದರೆ ಯಾವುದು ಯಾವ ಕಡೆಯಿಂದ ಎಂದು ಬರೆಯಲೇಬೇಕು. ಅಂಗಗಳೇ ಅದಲುಬದಲಾಗಿ ಹುಟ್ಟುವ ಅಪರೂಪದ ಸ್ಥಿತಿಯೂ ಇದೆ. ಆ ಚಿತ್ರದ ಜಾಗ ಆ ಸ್ಥಿತಿಯ ಲೇಖನದಲ್ಲಿ.

ಬಣ್ಣವನ್ನೂ ಹೀಗೆಯೇ ಪರೀಕ್ಷಿಸಿ. ಅಪಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ, ದುಗ್ಧನಾಳ ಹಸಿರು ಎಂಬುದು ಗುರುತಿಗಾಗಿ ಮಾಡಿಕೊಂಡ ಏರ್ಪಾಡು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯನ್ನು ನೀಲಿಯಲ್ಲಿ, ಅಲ್ಲಿಂದ ಮರಳುವ ಅಭಿಧಮನಿಯನ್ನು ಕೆಂಪಿನಲ್ಲಿ ತೋರಿಸಿದ್ದರೆ ಅದು ತಪ್ಪಲ್ಲ, ಆಮ್ಲಜನಕದ ಲೆಕ್ಕದಲ್ಲಿ ಬಳಿದ ಬಣ್ಣ. ಹೊಕ್ಕುಳಬಳ್ಳಿಯಲ್ಲೂ ಹಾಗೇ. ಅಡಿಬರಹದಲ್ಲಿ ಅರ್ಧ ಸಾಲು ಸೇರಿಸದಿದ್ದರೆ ಓದುಗರು ಗಲಿಬಿಲಿಯಾಗುತ್ತಾರೆ, ಇನ್ನು ಕೆಲವರು ‘ಸರಿಪಡಿಸಲು’ ಹೊರಡುತ್ತಾರೆ.

ಕೃತಕ ಬುದ್ಧಿಮತ್ತೆಯಿಂದ ಹುಟ್ಟಿದ ಚಿತ್ರಗಳನ್ನು ಈ ವಿಷಯಕ್ಕೆ ಬಳಸಬೇಡಿ. ಹೊಳಪು, ನೆರಳು ಎಲ್ಲ ಅಚ್ಚುಕಟ್ಟಾಗಿದ್ದು ಮಹಾಪಧಮನಿಯ ಕವಲುಗಳ ಸಂಖ್ಯೆಯೇ ತಪ್ಪಿರುತ್ತದೆ. 2024ರ ಫೆಬ್ರವರಿಯಲ್ಲಿ ಒಂದು ವಿಜ್ಞಾನ ಪತ್ರಿಕೆ ಇಂಥ ಯಂತ್ರ ಬರೆದ ಇಲಿಯ ಚಿತ್ರವನ್ನು, ಅರ್ಥವಿಲ್ಲದ ಹೆಸರುಗಳ ಸಮೇತ ಪ್ರಕಟಿಸಿ, ಲೇಖನವನ್ನೇ ಹಿಂತೆಗೆದುಕೊಳ್ಳಬೇಕಾಯಿತು. ಸಂಪಾದಕರು, ಪರಿಶೀಲಕರು ಇದ್ದ ಕಡೆಯೇ ಹೀಗಾದ ಮೇಲೆ ವಿಶ್ವಕೋಶದಲ್ಲಿ ಆ ಅಪಾಯ ಬೇಡ.

ಯಾರ ದೇಹ, ಯಾರ ಒಪ್ಪಿಗೆ

ಶವಚ್ಛೇದನದ ಫೋಟೊ ಕಲಿಯುವವರಿಗೆ ಬೆಲೆಬಾಳುವುದು ನಿಜ, ಆದರೆ ಸಾಮಾನ್ಯ ಓದುಗರಿಗೆ ಮೊದಲ ಚಿತ್ರವಾಗಿ ಬೇಡ. ಫಾರ್ಮಲಿನ್‌ನಲ್ಲಿಟ್ಟ ಅಂಗಾಂಶ ಬೂದುಗಂದು ಬಣ್ಣಕ್ಕೆ ತಿರುಗಿರುತ್ತದೆ. ನರ ಯಾವುದು, ರಕ್ತನಾಳ ಯಾವುದು ಎಂದು ಪಳಗಿದ ಕಣ್ಣಿಗೆ ಮಾತ್ರ ತಿಳಿಯುತ್ತದೆ. ಮೊದಲು ರೇಖಾಚಿತ್ರ, ಕೆಳಗೆ ಅದೇ ಕೋನದ ಫೋಟೊ ಎಂಬ ಜೋಡಿ ಚೆನ್ನಾಗಿ ಕೆಲಸ ಮಾಡುತ್ತದೆ.

ಡಿಸೆಕ್ಷನ್ ಹಾಲ್‌ನಲ್ಲಿ ವಿದ್ಯಾರ್ಥಿಗಳು ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಅಪ್‌ಲೋಡ್ ಮಾಡುವುದು ಬೇಡವೇ ಬೇಡ. ದೇಹದಾನದ ಪತ್ರಕ್ಕೆ ಸಹಿ ಹಾಕಿದವರು ಒಪ್ಪಿದ್ದು ಪಾಠಕ್ಕೆ, ಜಗತ್ತೆಲ್ಲ ನೋಡುವ ಪುಟಕ್ಕಲ್ಲ. ಕಾಲೇಜಿನ ಲಿಖಿತ ಅನುಮತಿ, ಒಪ್ಪಿಗೆಯಲ್ಲಿ ಪ್ರಕಟಣೆಯ ಮಾತು, ಮುಖ, ಹಚ್ಚೆ, ಗುರುತಿನ ಚೀಟಿ ಕಾಣದ ಚೌಕಟ್ಟು ಇವು ಇದ್ದರೆ ಮಾತ್ರ ಮುಂದುವರಿಯಿರಿ. ಇದೇ ಕಾರಣಕ್ಕೆ ವಿಯೆನ್ನಾದ ಎಡ್ವರ್ಡ್ ಪೆರ್ನ್‌ಕೋಫ್ 1937ರಿಂದ ಹೊರತಂದ ಅಟ್ಲಾಸಿನ ಚಿತ್ರಗಳನ್ನು, ಅವು ಎಷ್ಟೇ ಸ್ಫುಟವಾಗಿದ್ದರೂ, ಬಳಸಬಾರದು ಎಂಬುದು ನಮ್ಮ ನಿಲುವು. ನಾಜಿ ಆಡಳಿತ ಮರಣದಂಡನೆ ಕೊಟ್ಟು ಕೊಂದವರ ದೇಹಗಳು ಆ ಸಂಸ್ಥೆಗೆ ಬಂದಿದ್ದವು ಎಂಬುದು ವಿಯೆನ್ನಾ ವಿಶ್ವವಿದ್ಯಾಲಯದ ತನಿಖೆಯಲ್ಲೇ ಹೊರಬಂದಿದೆ. ಆ ಅಟ್ಲಾಸಿನ ಕುರಿತ ಲೇಖನದಲ್ಲಿ ಅದರ ಚರ್ಚೆ ಇರಲಿ, ನರಗಳ ಲೇಖನಕ್ಕೆ ಬೇರೆ ಚಿತ್ರಗಳಿವೆ.

ಎಕ್ಸ್‌ರೇ, ಸಿಟಿ ಚಿತ್ರಗಳಲ್ಲಿ ನಾಲ್ಕು ಮೂಲೆಗಳನ್ನೂ ದೊಡ್ಡದು ಮಾಡಿ ನೋಡಿ. ರೋಗಿಯ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು, ದಿನಾಂಕ ಅಲ್ಲೇ ಅಚ್ಚಾಗಿರುತ್ತವೆ. ಸ್ಕ್ಯಾನ್ ಯಂತ್ರ ಕೊಡುವ ಮೂಲ ಡೈಕಾಮ್ ಕಡತದೊಳಗೂ ಅವೇ ವಿವರಗಳು ಕಾಣದಂತೆ ಅಡಗಿರುತ್ತವೆ, ಆದ್ದರಿಂದ ಪಿಎನ್‌ಜಿಗೆ ಬದಲಿಸಿ, ಮೂಲೆಗಳನ್ನು ಕತ್ತರಿಸಿದ ಮೇಲೆಯೇ ಏರಿಸಿ. ಕಪ್ಪು ಪಟ್ಟಿ ಎಳೆಯುವುದಾದರೆ ಚಿತ್ರದಲ್ಲೇ ಸೇರಿಹೋಗುವಂತೆ ಎಳೆಯಿರಿ. ಬೇರೆ ಪದರದಲ್ಲಿಟ್ಟರೆ ಯಾರಾದರೂ ಸರಿಸಬಹುದು. ವಯಸ್ಸನ್ನು ಮಾತ್ರ ಅಂದಾಜಿನಲ್ಲಿ ಅಡಿಬರಹಕ್ಕೆ ಸೇರಿಸಿ. ಎಂಟು ವರ್ಷದ ಮಗುವಿನ ಕೈ ಎಕ್ಸ್‌ರೇಯಲ್ಲಿ ಮೂಳೆ ಬೆಳೆಯುವ ಜಾಗದ ಕಪ್ಪು ಗೆರೆ, ಅದು ಮಗುವಿನದೆಂದು ತಿಳಿಯದವರಿಗೆ ಮುರಿತದಂತೆ ಕಾಣುತ್ತದೆ.

ಜನನಾಂಗ, ಸ್ತನ, ಗುದದ ಲೇಖನಗಳಲ್ಲಿ ನಾಚಿಕೆಯಿಂದ ಚಿತ್ರವೇ ಇಲ್ಲದಂತೆ ಮಾಡುವುದು ಓದುಗರಿಗೆ ಅನ್ಯಾಯ. ಕನ್ನಡದಲ್ಲಿ ಈ ವಿಷಯಗಳನ್ನು ನೆಟ್ಟಗೆ ಹೇಳುವ ಜಾಗಗಳೇ ಕಡಿಮೆ. ಲೇಖನದ ಮೊದಲ ಚಿತ್ರ ಸ್ಪಷ್ಟ ಹೆಸರುಗಳಿರುವ ರೇಖಾಚಿತ್ರವಾಗಿರಲಿ. ಫೋಟೊ ಬೇಕಾದರೆ ಸಂಬಂಧಿಸಿದ ಭಾಗದ ಪಕ್ಕದಲ್ಲಿ, ವೈದ್ಯಕೀಯ ಬೆಳಕಿನಲ್ಲಿ, ವಯಸ್ಕರದ್ದು, ಒಪ್ಪಿಗೆ ದಾಖಲಾದದ್ದು ಮಾತ್ರ. ಯಾರೋ ತಮ್ಮದೇ ಫೋಟೊ ತೆಗೆದು ಲೇಖನಕ್ಕೆ ಸೇರಿಸಲು ಬರುವುದು ಮತ್ತೆ ಮತ್ತೆ ನಡೆಯುತ್ತದೆ. ಈಗಿರುವುದಕ್ಕಿಂತ ಹೆಚ್ಚಿನದೇನನ್ನು ಅದು ತೋರಿಸುತ್ತದೆ ಎಂದು ಕೇಳಿ, ಉತ್ತರವಿಲ್ಲದಿದ್ದರೆ ತೆಗೆಯಿರಿ.

ನೀವೇ ತೆಗೆಯಬಹುದಾದ ಫೋಟೊಗಳಿಗೆ ದೊಡ್ಡ ಅವಕಾಶವಿದೆ. ನಮ್ಮ ಮೈಬಣ್ಣದ ಕೈ, ಕಣ್ಣು, ಉಗುರು, ಪಾದಗಳ ಒಳ್ಳೆಯ ಚಿತ್ರಗಳು ಕಡಿಮೆ. ಮಣಿಕಟ್ಟಿನ ಸ್ನಾಯುರಜ್ಜು ತೋರಿಸಬೇಕೆನ್ನಿ: ಹೆಬ್ಬೆರಳು ಮತ್ತು ಕಿರುಬೆರಳಿನ ತುದಿ ಒಂದಕ್ಕೊಂದು ಮುಟ್ಟಿಸಿ, ಮಣಿಕಟ್ಟನ್ನು ಸ್ವಲ್ಪ ಒಳಗೆ ಬಗ್ಗಿಸಿ. ನಡುವೆ ಹಗ್ಗದಂತೆ ಎದ್ದು ನಿಲ್ಲುವುದೇ ಪಾಲ್ಮಾರಿಸ್ ಲಾಂಗಸ್ ಸ್ನಾಯು‌ನ ರಜ್ಜು. ಕೆಲವರಲ್ಲಿ ಅದು ಇರುವುದೇ ಇಲ್ಲ, ಹಾಗಿದ್ದರೆ ಬೇರೆಯವರ ಕೈ ಹುಡುಕಿ. ಫ್ಲ್ಯಾಶ್ ಬೇಡ, ಬೆಳಕು ಕಿಟಕಿಯಿಂದ ಓರೆಯಾಗಿ ಬಿದ್ದರೆ ಉಬ್ಬು ಕಾಣುತ್ತದೆ. ಹಿಂದೆ ಬೂದು ಅಥವಾ ತಿಳಿನೀಲಿ ಬಟ್ಟೆ, ಉಂಗುರ, ಬಳೆ, ದಾರ ತೆಗೆದಿಡಿ.

ಕನ್ನಡದ ಹೆಸರುಗಳನ್ನು ಚಿತ್ರಕ್ಕೆ ಸೇರಿಸುವುದು

ಎಸ್‌ವಿಜಿ ರೂಪದ (ಎಷ್ಟು ಹಿಗ್ಗಿಸಿದರೂ ಮಸುಕಾಗದ, ಗೆರೆಗಳಿಂದ ಕಟ್ಟಿದ) ಚಿತ್ರ ಸಿಕ್ಕರೆ ಮೊದಲ ಆಯ್ಕೆ ಅದೇ. ಇಂಥ ಚಿತ್ರ ತಿದ್ದುವ ಉಚಿತ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ತೆರೆದು ಒಂದು ಹೆಸರಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ. ಅಕ್ಷರದ ನಡುವೆ ಕರ್ಸರ್ ಮಿನುಗಿದರೆ ಅದು ಪಠ್ಯ. ಅಕ್ಷರದ ಸುತ್ತ ಚುಕ್ಕಿಗಳು ಮೂಡಿದರೆ ಗೆರೆಯಾಗಿ ಬದಲಿಸಿದ್ದಾರೆ, ಅಳಿಸಿ ಹೊಸದಾಗಿ ಬರೆಯಬೇಕು. ಪಠ್ಯವಾಗಿದ್ದರೆ ‘ಎಸ್‌ವಿಜಿ ಟ್ರಾನ್ಸ್‌ಲೇಟ್’ ಉಪಕರಣದಲ್ಲಿ ಕಡತದ ಹೆಸರು ಕೊಟ್ಟು, ಕನ್ನಡ ಆರಿಸಿ, ಪ್ರತಿ ಹೆಸರಿನ ಮುಂದೆ ಕನ್ನಡ ತುಂಬಿ, ಮುನ್ನೋಟ ನೋಡಿ ಏರಿಸಿ. ಎಲ್ಲ ಭಾಷೆಗಳೂ ಒಂದೇ ಕಡತದಲ್ಲಿ ಉಳಿಯುತ್ತವೆ; ಲೇಖನಕ್ಕೆ ಸೇರಿಸುವಾಗ ಭಾಷೆ ಕನ್ನಡ ಎಂದು ನಮೂದಿಸಿ.

ಕೆಡುವುದು ಎಲ್ಲಿ ಅಂದರೆ ಉದ್ದದಲ್ಲಿ ಮತ್ತು ಒತ್ತಕ್ಷರದಲ್ಲಿ. ಚಿತ್ರದ ಎಡಗಡೆ ಇರುವ ಹೆಸರು ಎಡದಿಂದ ಶುರುವಾಗುವಂತೆ ಕಟ್ಟಿದ್ದರೆ, ಉದ್ದದ ಕನ್ನಡ ಹೆಸರು ಬೆಳೆದು ಹೃದಯದ ಮೇಲೇ ಹತ್ತಿ ಕೂರುತ್ತದೆ. ಅಲ್ಲಿಯ ಹೆಸರುಗಳನ್ನು ಬಲತುದಿಗೆ ಕಟ್ಟಿ, ಆಗ ಹೊರಕ್ಕೆ ಬೆಳೆಯುತ್ತವೆ. ‘ಹೃತ್ಕುಕ್ಷಿ’ಯಂಥ ಪದದಲ್ಲಿ ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲಿನ ಹೆಸರಿಗೆ ಸಾಲಿನಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇರಲಿ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸಬೇಡಿ, ಒತ್ತಕ್ಷರ ಬಿಡಿಯಾಗುತ್ತದೆ. ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ನಿಮ್ಮ ಕಂಪ್ಯೂಟರಿನಲ್ಲಿ ಚೆಂದ ಕಂಡರೂ ವಿಕಿಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರವಾಗಿ ಬರುತ್ತದೆ. ಯೂನಿಕೋಡ್ ಮಾತ್ರ. ಫಾಂಟಿನ ಹೆಸರಿಗೆ ಬರೀ ‘ಸಾನ್ಸ್-ಸೆರಿಫ್’ ಎಂದು ಬಿಟ್ಟರೆ ಸರ್ವರ್ ತನ್ನಲ್ಲಿರುವ ಕನ್ನಡ ಫಾಂಟನ್ನು ಹಾಕಿಕೊಳ್ಳುತ್ತದೆ.

ಅಕ್ಷರದ ಗಾತ್ರಕ್ಕೆ ಒಂದು ಲೆಕ್ಕವಿದೆ. ಲೇಖನದ ಪಕ್ಕದಲ್ಲಿ ಚಿತ್ರ ಸುಮಾರು 250 ಪಿಕ್ಸೆಲ್ ಅಗಲಕ್ಕೆ ಕುಗ್ಗುತ್ತದೆ. 1000 ಪಿಕ್ಸೆಲ್ ಅಗಲದ ಚಿತ್ರದಲ್ಲಿ 20 ಪಿಕ್ಸೆಲ್ ಅಕ್ಷರವಿದ್ದರೆ ಅದು 5 ಪಿಕ್ಸೆಲ್ ಆಗಿಬಿಡುತ್ತದೆ, ಓದಲಾಗದು. ಕನ್ನಡಕ್ಕೆ ಕನಿಷ್ಠ 12 ಬೇಕು, ಅಂದರೆ ಮೂಲದಲ್ಲಿ 48. ಆ ಗಾತ್ರದಲ್ಲಿ ಎಂಟು ಹತ್ತು ಹೆಸರಿಗಿಂತ ಹೆಚ್ಚು ಹಿಡಿಸುವುದಿಲ್ಲ. ಹಾಗಾಗಿ ನಮ್ಮ ಮೆಚ್ಚಿನ ದಾರಿ ಅಂಕಿ ಹಾಕಿದ ಚಿತ್ರ: ಚಿತ್ರದ ಮೇಲೆ 1, 2, 3 ಮಾತ್ರ, ಅಡಿಬರಹದಲ್ಲಿ ‘1. ಬಲ ಹೃತ್ಕರ್ಣ 2. ಎಡ ಹೃತ್ಕರ್ಣ’ ಎಂದು ಕನ್ನಡದ ಪಟ್ಟಿ, ಪ್ರತಿ ಹೆಸರಿಗೂ ಆಯಾ ಲೇಖನದ ಕೊಂಡಿ. ಫೋಟೊದಂಥ ಜೆಪೆಗ್ ಚಿತ್ರಗಳಿಗೂ ಇದು ಹೊಂದುತ್ತದೆ, ಹೆಸರು ತಿದ್ದಬೇಕಾದರೆ ಚಿತ್ರ ಮುಟ್ಟಬೇಕಿಲ್ಲ.

ಚಿತ್ರದಲ್ಲಿರುವ ಹೆಸರು ಪಠ್ಯದಲ್ಲಿರುವ ಹೆಸರೇ ಆಗಿರಲಿ. ಪಠ್ಯದಲ್ಲಿ ‘ಅಭಿಧಮನಿ’, ಚಿತ್ರದಲ್ಲಿ ‘ಸಿರೆ’ ಬೇಡ. ಕನ್ನಡದಲ್ಲಿ ನೆಲೆಯಾದ ಪದವಿಲ್ಲದ ಭಾಗಕ್ಕೆ, ಮಂಡಿಯ ಮೆನಿಸ್ಕಸ್‌ನಂಥದ್ದಕ್ಕೆ, ವೈದ್ಯರು ಆಡುವ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ. ಹೊಸ ಹೆಸರು ಕಟ್ಟುವ ಜಾಗ ಚಿತ್ರವಲ್ಲ.

ಅಡಿಬರಹ ಮತ್ತು ಆಮೇಲೆ

ಅಡಿಬರಹದಲ್ಲಿ ನಾಲ್ಕು ಸಂಗತಿ ಇರಲೇಬೇಕು: ಯಾವ ಭಾಗ, ಯಾವ ಪಕ್ಕದ್ದು, ಯಾವ ಕಡೆಯಿಂದ ಕಂಡದ್ದು, ಏನನ್ನು ತೆಗೆದು ತೋರಿಸಿದೆ. ‘ಬಲ ಮಂಡಿಕೀಲು, ಮುಂದಿನಿಂದ; ಮಂಡಿಚಿಪ್ಪು ಮತ್ತು ಕೀಲಿನ ಹೊದಿಕೆಯನ್ನು ತೆಗೆದಿದೆ.’ ಇಷ್ಟು ಸಾಕು. ಬರೀ ‘ಮಂಡಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಶ್ರೋಣಿಯಾದರೆ ಗಂಡಿನದೋ ಹೆಣ್ಣಿನದೋ ಹೇಳಿ, ಮುಂದಿನ ಕೋನದ ಅಗಲವೇ ಬೇರೆ. ಸೂಕ್ಷ್ಮದರ್ಶಕದ ಚಿತ್ರವಾದರೆ ಬಣ್ಣದ ಹೆಸರು ಬೇಕು: ಹಿಮಟಾಕ್ಸಿಲಿನ್-ಇಯೊಸಿನ್‌ನಲ್ಲಿ ಕೋಶಕೇಂದ್ರ ನೀಲಿನೇರಳೆ, ಉಳಿದದ್ದು ಗುಲಾಬಿ. ‘40 ಪಟ್ಟು’ ಎಂಬುದಕ್ಕಿಂತ ಚಿತ್ರದೊಳಗಿನ ಅಳತೆಗೋಲು ವಾಸಿ, ಪರದೆಯ ಗಾತ್ರ ಬದಲಾದರೂ ಅದು ಸುಳ್ಳಾಗುವುದಿಲ್ಲ.

ಕಣ್ಣು ಕಾಣದವರಿಗಾಗಿ ಬರೆಯುವ ಪರ್ಯಾಯ ಪಠ್ಯದಲ್ಲಿ ಅಡಿಬರಹವನ್ನೇ ಮತ್ತೆ ಬರೆಯಬೇಡಿ. ‘ಸೀಳಿದ ಹೃದಯದ ರೇಖಾಚಿತ್ರ, ಮೇಲೆ ಎರಡು ಚಿಕ್ಕ ಕೋಣೆ, ಕೆಳಗೆ ಎರಡು ದೊಡ್ಡ ಕೋಣೆ, ಎಡಕೋಣೆಯ ಗೋಡೆ ದಪ್ಪ’ ಎಂದು ಕಾಣುವುದನ್ನು ಹೇಳಿ.

ಬೇರೆಯವರ ಚಿತ್ರಕ್ಕೆ ಕನ್ನಡ ಸೇರಿಸಿ ಹೊಸ ಕಡತವಾಗಿ ಏರಿಸಿದಾಗ ಮೂಲ ಕಲಾವಿದರ ಹೆಸರು, ಮೂಲ ಕಡತದ ಕೊಂಡಿ, ನೀವು ಬದಲಿಸಿದ್ದೇನು ಎಂಬುದನ್ನು ವಿವರದಲ್ಲಿ ಬರೆಯಬೇಕು. ಮೂಲ ‘ಬೈ-ಎಸ್‌ಎ’ (ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚಿ ಎಂಬ ಪರವಾನಗಿ) ಆಗಿದ್ದರೆ ನಿಮ್ಮದೂ ಅದೇ ಪರವಾನಗಿಯಲ್ಲಿರಬೇಕು. ಪುಟ ಉಳಿಸಿದ ಮೇಲೆ ಅದನ್ನು ಮೊಬೈಲಿನಲ್ಲಿ ತೆರೆದು, ಚಿತ್ರವನ್ನು ದೊಡ್ಡದು ಮಾಡದೆ ಅಂಕಿಗಳನ್ನು ಓದಲಾಗುತ್ತದೆಯೇ ನೋಡಿ. ಮೊದಲೇ ಇದ್ದ ಚಿತ್ರವನ್ನು ತೆಗೆದು ನಿಮ್ಮದನ್ನು ಹಾಕಿದ್ದರೆ ಚರ್ಚೆ ಪುಟದಲ್ಲಿ ಕಾರಣವನ್ನು ಎರಡು ಸಾಲಿನಲ್ಲಿ ಬರೆದಿಡಿ: ಹಳೆಯದು ಎಡಬಲ ತಿರುಗಿತ್ತು, ಅಥವಾ ಹೆಸರು ಓದಲಾಗುತ್ತಿರಲಿಲ್ಲ, ಅಥವಾ ಪರವಾನಗಿ ಸರಿಯಿರಲಿಲ್ಲ ಎಂದು.